ಎರಡು ಬೆರಳಿನ ಅಭಯ

ನಮ್ಮ ಮೇಸ್ತ್ರಿಯ ಬಲಗೈ ಮಣಿಕಟ್ಟಿನ ಮೇಲೆ ಗಜ್ಜುಗದ ಗಾತ್ರದ ಒಂದು ಮೂಳೆ ಚರ್ಮವನ್ನು ಒಳಗಿನಿಂದ ತಳ್ಳಿಕೊಂಡು ನಿಂತಿತ್ತು. ಕೈ ಆಡಿಸಿದಾಗೆಲ್ಲ ಅದು ಚರ್ಮದಡಿಯಲ್ಲಿ ಅತ್ತಿತ್ತ ಸರಿಯುವುದು ಕಾಣುತ್ತಿತ್ತು. ಚಳಿಗಾಲದಲ್ಲಿ ಅದರ ಸುತ್ತ ನೀಲಿಗಟ್ಟುತ್ತಿತ್ತು. "ಹುಟ್ಟಿದಾಗಿಂದ ಹಿಂಗೇನಾ?" ಎಂದು ಯಾರಾದರೂ ಕೇಳಿದರೆ, "ಇಲ್ಲಪ್ಪ, ಒಂದು ರಾಡು ಬಂದು ಕೂತ್ಕೊಂಡು ಹೋಯ್ತು" ಎನ್ನುತ್ತಿದ್ದರು. ಆ ರಾಡು ಬಂದದ್ದು ನನ್ನ ತಲೆಗೆ. ನಡುವೆ ಅವರ ಕೈ ಇತ್ತು.

ನಾನು ಬರೆಯುವ ಕಸುಬಿನವನಲ್ಲ. ಶಿವಮೊಗ್ಗದ ಒಂದು ತರಬೇತಿ ಕೇಂದ್ರದಲ್ಲಿ ಯಂತ್ರದ ಕೆಲಸ ಕಲಿಸುತ್ತೇನೆ. ಮೂಗಿನ ತುದಿಯಲ್ಲೇ ಕೋಪ ಎಂದು ಮನೆಯಲ್ಲಿ ನನ್ನನ್ನು ಆಡಿಕೊಳ್ಳುತ್ತಾರೆ, ಸುಳ್ಳಲ್ಲ. ಮೇಸ್ತ್ರಿ ಹೋಗಿ ವರ್ಷವಾಗುತ್ತ ಬಂತು. ಅವರನ್ನು ಹೊಗಳಿ ಬೇರೆ ಯಾರಾದರೂ ಬರೆದರೆ ಅದರಲ್ಲಿ ನಾನು ಮಾಡಿದ್ದು ಬಿಟ್ಟುಹೋಗುತ್ತದೆ. ಅದಕ್ಕೇ ನಾನೇ ಕೂತಿದ್ದೇನೆ.

ಆಗ ನಾನು ಮಾಚೇನಹಳ್ಳಿಯಲ್ಲಿ, ಹೆದ್ದಾರಿಗೆ ಬೆನ್ನು ಹಾಕಿ ನಿಂತ ಒಂದು ಶೆಡ್ಡಿನಲ್ಲಿ ಸೂಪರ್‌ವೈಸರ್ ಆಗಿದ್ದೆ. ತಗಡು ಕತ್ತರಿಸಿ ಟ್ರ್ಯಾಕ್ಟರಿನ ಬಿಡಿಭಾಗ ಮಾಡುವ ಕೆಲಸ. ನಾಲ್ಕು ಪವರ್ ಪ್ರೆಸ್ಸುಗಳಿದ್ದವು. ಪ್ರೆಸ್ ಎಂದರೆ ಇಷ್ಟೆ: ಕೆಳಗೆ ಅಚ್ಚು, ಮೇಲೆ ಆನೆ ತೂಕದ ಕಬ್ಬಿಣ. ತಗಡು ಇಟ್ಟು ಕಾಲಲ್ಲಿ ಪೆಡಲ್ ತುಳಿದರೆ ಮೇಲಿನದು ಇಳಿಯುತ್ತದೆ. ತಗಡಿದ್ದರೆ ತಗಡು, ಕೈಯಿದ್ದರೆ ಕೈ. ಕೈ ಒಳಗೆ ಹೋಗದ ಹಾಗೆ ಎದುರಿಗೊಂದು ಕಬ್ಬಿಣದ ಜಾಲರಿ ಇರುತ್ತದೆ. ಅದನ್ನೇ ಗಾರ್ಡ್ ಎನ್ನುವುದು.

ಅಚ್ಚು ಕೂರಿಸುವುದು, ಪ್ರೆಸ್ ಕೆಟ್ಟರೆ ಬಿಚ್ಚುವುದು, ಗಾರ್ಡ್ ಹಾಕುವುದು ಮೇಸ್ತ್ರಿಯ ಕೆಲಸ. ಅವರ ಮನೆ ಭದ್ರಾವತಿಯ ಕಾಗದನಗರದಲ್ಲಿ. ಕಾಗದದ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದವರು, ಅದು ನಿಂತ ಮೇಲೆ ನಮ್ಮಲ್ಲಿಗೆ ಬಂದರು. ಗಂಡ ಹೆಂಡತಿ ಇಬ್ಬರೂ ಧಮ್ಮ ದೀಕ್ಷೆ ತೆಗೆದುಕೊಂಡು ಬೌದ್ಧರಾಗಿದ್ದರು. ಹುಣ್ಣಿಮೆಯ ದಿನ ಮಾತ್ರ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಬರುವರು. ಸಂಜೆಯ ಹೊತ್ತಿಗೆ ಅದರ ಮೇಲೆ ಒಂದು ಹನಿ ಎಣ್ಣೆಯೂ ಇರುತ್ತಿರಲಿಲ್ಲ. ಅದು ಹೇಗೆಂದು ನನಗೆ ಇವತ್ತಿಗೂ ತಿಳಿದಿಲ್ಲ. ನಾನು ದೇವಸ್ಥಾನದ ಅರ್ಚಕರ ಮಗ ಎಂದು ಗೊತ್ತಾದ ದಿನದಿಂದ ಅವರು ನನ್ನನ್ನು "ಭಟ್ರೆ" ಎಂದು ಕರೆಯತೊಡಗಿದರು. ಉಳಿದವರಿಗೆಲ್ಲ ನಾನು "ಸಾರ್".

ಅವರಿಗೆ ಇದ್ದಿಲಿನಲ್ಲಿ ಚಿತ್ರ ಬರೆಯುವ ಹುಚ್ಚು. ಅಂಗಡಿಯ ಇದ್ದಿಲು ಅಲ್ಲ, ತಾವೇ ಸುಟ್ಟುಕೊಂಡದ್ದು. ಹುಣಸೆಯ ಎಳೆ ಕಡ್ಡಿಗಳ ಸಿಪ್ಪೆ ಹೆರೆದು, ಹಾಲಿನ ಪುಡಿಯ ಡಬ್ಬಿಯಲ್ಲಿ ಒತ್ತೊತ್ತಾಗಿ ನಿಲ್ಲಿಸಿ, ಸಂದಿಗೆ ಮರಳು ತುಂಬಿ, ಮುಚ್ಚಳಕ್ಕೆ ಒಂದು ತೂತು ಹೊಡೆದು ಬಚ್ಚಲ ಒಲೆಯಲ್ಲಿ ಹೂಳುತ್ತಿದ್ದರು. ತೂತಿನಿಂದ ಬರುವ ಹೊಗೆ ನಿಂತ ಕೂಡಲೇ ತೆಗೆಯಬೇಕು. "ಮುಂಚೆ ತೆಗೆದ್ರೆ ಕಡ್ಡಿ, ತಡ ಮಾಡಿದ್ರೆ ಬೂದಿ" ಎನ್ನುವುದು ಅವರ ಮಾತು. ಇದನ್ನು ಅವರು ಇದ್ದಿಲಿಗೂ ಹೇಳುವರು, ಮನುಷ್ಯರಿಗೂ ಹೇಳುವರು. ಕಾಗದಕ್ಕೆ ಬರವಿರಲಿಲ್ಲ. ಕಾರ್ಖಾನೆಯ ಹಳೆಯ ಕಾಗದದ ರೀಲಿನ ತುದಿಯೊಂದು ಅವರ ಮಂಚದಡಿ ಸುರುಳಿಯಾಗಿ ಬಿದ್ದಿತ್ತು. ಅದರಿಂದಲೇ ಕತ್ತರಿಸಿಕೊಳ್ಳುವರು.

ಬರೆಯುತ್ತಿದ್ದದ್ದು ಬುದ್ಧನನ್ನು ಮಾತ್ರ. ಆದರೆ ಎಂಥ ಬುದ್ಧ! ಶಿವಮೊಗ್ಗ–ಭದ್ರಾವತಿ ಬಸ್ಸಿನಲ್ಲಿ ಸೀಟು ಸಿಗದೆ ಕಂಬಿ ಹಿಡಿದು ನಿಂತ ಬುದ್ಧ. ರೈಲ್ವೆ ಗೇಟು ಬಿದ್ದು, ಬೈಕುಗಳ ನಡುವೆ ಭಿಕ್ಷಾಪಾತ್ರೆ ಹಿಡಿದು ಕಾಯುತ್ತಿರುವ ಬುದ್ಧ. ಮೊಬೈಲ್ ಟವರಿನ ಬುಡದಲ್ಲಿ ಕಣ್ಣು ಮುಚ್ಚಿ ಕೂತ ಬುದ್ಧ. ಭದ್ರಾವತಿಯಲ್ಲಿ ಶೀಟು ಹೊದಿಸಿದ ಒಂದು ಕೋಣೆಯನ್ನು ಅವರ ಕಡೆಯವರು ವಿಹಾರ ಎಂದು ಕರೆಯುತ್ತಿದ್ದರು. ಪ್ರತಿ ಹುಣ್ಣಿಮೆಗೂ ಮೇಸ್ತ್ರಿಯ ಒಂದು ಹೊಸ ಚಿತ್ರ ಅಲ್ಲಿನ ಗೋಡೆಗೆ ಏರಲೇಬೇಕು. ಏರಿಸುವ ಮುಂಚೆ, ಇದ್ದಿಲು ಉದುರದಿರಲೆಂದು, ಕೆನೆ ತೆಗೆದ ಹಾಲಿಗೆ ನೀರು ಬೆರೆಸಿ ಇಸ್ತ್ರಿ ಅಂಗಡಿಯ ಸ್ಪ್ರೇ ಬಾಟಲಿಯಿಂದ ಚಿತ್ರದ ಮೇಲೆ ಹೊಡೆಯುತ್ತಿದ್ದರು. ಒಣಗಿದರೆ ಕೈಯಿಟ್ಟರೂ ಹತ್ತುತ್ತಿರಲಿಲ್ಲ.

"ಬುದ್ಧನ್ನ ಬಸ್ಸಲ್ಲಿ ನಿಲ್ಸಿದೀರಲ್ಲ ಮೇಸ್ತ್ರಿ, ಪಾಪ ಅಲ್ವಾ?" ಎಂದು ಒಮ್ಮೆ ಕೆಣಕಿದೆ.

"ನಮ್ಮೂರಿಗೆ ಬಂದ್ರೆ ಬಸ್ಸಲ್ಲೇ ಬರ್ಬೇಕಲ್ಲ ಭಟ್ರೆ. ಅವರಿಗೇನು ಕಾರ್ ಇದ್ಯಾ?"

ಈ ಮೃದು ಮಾತಿನ ಮನುಷ್ಯನೇ ಹೊಸಬರು ಕೆಲಸಕ್ಕೆ ಸೇರಿದ ದಿನ ಕಟುಕನಾಗುತ್ತಿದ್ದ. ಅವತ್ತು ಮೇಸ್ತ್ರಿಯ ಚೀಲದಲ್ಲಿ ಐದು ಬೆಂಡೆಕಾಯಿ ಇರುತ್ತಿದ್ದವು. ನಾಲ್ಕು ಉದ್ದ, ಒಂದು ಗಿಡ್ಡ, ಆರಿಸಿ ತಂದವು. ಅವನ್ನು ಹಳೇ ಗ್ಲೌಸಿನ ಐದು ಬೆರಳಿಗೆ ತೂರಿಸಿ, ಗಾರ್ಡ್ ಬಿಚ್ಚಿ, ಅಚ್ಚಿನ ಮೇಲಿಟ್ಟು, "ತುಳೀರಿ" ಎನ್ನುವರು. ಪ್ರೆಸ್ ಇಳಿದ ಏಟಿಗೆ ಬೀಜ, ಲೋಳೆ ಎಲ್ಲ ಹೊಸಬರ ಮುಖಕ್ಕೆ ಸಿಡಿಯುತ್ತಿತ್ತು. ಅಷ್ಟಕ್ಕೆ ಬಿಡುತ್ತಿರಲಿಲ್ಲ. ಆ ಲೋಳೆಯನ್ನು ಅವರ ಕೈಯಲ್ಲೇ ಬಳಿಸುತ್ತಿದ್ದರು. "ಮತ್ತೆ ಜೋಡ್ಸೋಕಾಗುತ್ತಾ ನೋಡಿ. ಮಿಷನ್‌ಗೆ ಕಣ್ಣಿಲ್ಲ. ಬೆಂಡೆಕಾಯಿ ಯಾವ್ದು, ಬೆರಳು ಯಾವ್ದು ಅದಕ್ಕೆ ಗೊತ್ತಾಗಲ್ಲ." ಕೆಲವರು ಅಲ್ಲೇ ವಾಂತಿ ಮಾಡಿಕೊಂಡದ್ದುಂಟು. ಒಬ್ಬಳು ಮಾತ್ರ ಮುಖ ಒರೆಸಿಕೊಂಡು ನಕ್ಕಳು. "ಸಾಂಬಾರಿಗಾಗ್ತಿತ್ತಲ್ಲಣ್ಣ, ಹಾಳ್ ಮಾಡಿದ್ರಿ!"

ಅವಳನ್ನು ಶೆಡ್ಡಿನಲ್ಲಿ ಎಲ್ಲರೂ ಅಕ್ಕ ಎಂದೇ ಕರೆಯುತ್ತಿದ್ದರು. ಭದ್ರಾವತಿಯವಳು, ಮನೆಮಾತು ತಮಿಳು, ಗಂಡ ಆಟೋ ಓಡಿಸುತ್ತಿದ್ದ. ಮೂರನೇ ಪ್ರೆಸ್ಸು ಅವಳದು. ಅವಳ ಕೈ ಕಾಲು ಎಷ್ಟು ಚುರುಕೆಂದರೆ ತಗಡು ಇಡುವುದೂ ಪೆಡಲ್ ತುಳಿಯುವುದೂ ತೆಗೆಯುವುದೂ ಬೇರೆ ಬೇರೆ ಎಂದು ಅನ್ನಿಸುತ್ತಲೇ ಇರಲಿಲ್ಲ.

ಟೀ ಹೊತ್ತಿನಲ್ಲಿ ಮೇಸ್ತ್ರಿ ಕಥೆ ಹೇಳುತ್ತಿದ್ದರು. ಹೆಚ್ಚಾಗಿ ಒಂದೇ ಕಥೆ, ಬೆರಳಿನ ಹಾರ ಹಾಕಿಕೊಂಡ ಕೊಲೆಗಡುಕನದು. ಅವನ ಹೆಸರು ಹೇಳುತ್ತಿರಲಿಲ್ಲ. "ಹೆಸರು ಹೇಳಿದ್ರೆ ಅವನ್ಯಾರೋ ಹಳೇ ಕಾಲದೋನು ಅಂತ ಸುಮ್ನಾಗಿಬಿಡ್ತೀರಿ" ಎನ್ನುವರು. ಕಾಡಿನಲ್ಲಿ ಸಿಕ್ಕವರನ್ನೆಲ್ಲ ಕೊಂದು ಒಂದೊಂದು ಬೆರಳು ಪೋಣಿಸಿಕೊಂಡವನು. ಬುದ್ಧನ ಹಿಂದೆ ಕತ್ತಿ ಹಿಡಿದು ಓಡುತ್ತಾನೆ, ಎಷ್ಟು ಓಡಿದರೂ ನಡೆಯುತ್ತಿರುವ ಬುದ್ಧ ಕೈಗೆ ಸಿಗುವುದಿಲ್ಲ. ನಿಲ್ಲು ಎಂದು ಕಿರುಚುತ್ತಾನೆ. ನಾನು ಯಾವಾಗಲೋ ನಿಂತಿದ್ದೇನೆ, ನಿಲ್ಲಬೇಕಾದವನು ನೀನು ಎಂದು ಬುದ್ಧ ಹೇಳುತ್ತಾನೆ. ಅವನು ನಿಲ್ಲುತ್ತಾನೆ, ಭಿಕ್ಷುವಾಗುತ್ತಾನೆ.

ನನಗೆ ಈ ಕಥೆ ಕಂಡರೆ ಸಿಟ್ಟು. "ಅಷ್ಟು ಜನರನ್ನ ಕೊಂದೋನು ತಲೆ ಬೋಳ್ಸ್ಕೊಂಡ್ರೆ ಮುಗೀತಾ? ಶಿಕ್ಷೆ ಬೇಡ್ವಾ?" ಎಂದು ಕೇಳಿದ್ದೆ.

"ಆಯ್ತಲ್ಲ ಭಟ್ರೆ. ಭಿಕ್ಷೆಗೆ ಹೋದಾಗ ಜನ ಕಲ್ಲಲ್ಲಿ ಹೊಡೆದ್ರು. ತಲೆ ಒಡೀತು, ರಕ್ತ ಸುರೀತು. ಬುದ್ಧ ಅಡ್ಡ ಹೋಗ್ಲಿಲ್ಲ. ತಡ್ಕೋ ಅಂದ್ರು."

ಇನ್ನು ಆಯುಧಪೂಜೆಯ ವಿಷಯ. ನಮ್ಮ ಶೆಡ್ಡಿನಲ್ಲಿ ಪೂಜೆಗೆ ಬೇರೆ ಪುರೋಹಿತರು ಬೇಕಿರಲಿಲ್ಲ, ನಾನಿದ್ದೆನಲ್ಲ. ಮೇಸ್ತ್ರಿ ಪೂಜೆಗೆ ನಿಲ್ಲುತ್ತಿರಲಿಲ್ಲ. ದೀಕ್ಷೆ ತೆಗೆದುಕೊಂಡ ಮೇಲೆ ಇಂಥದ್ದನ್ನೆಲ್ಲ ಬಿಟ್ಟಿದ್ದರು. ಹಿಂದಿನ ದಿನವೇ ನಾಲ್ಕೂ ಪ್ರೆಸ್ಸನ್ನು ಮಗುವಿಗೆ ಎಣ್ಣೆ ನೀರು ಹಾಕಿದಂತೆ ತೊಳೆದು ಒರೆಸಿ, ಪೂಜೆಯ ಹೊತ್ತಿಗೆ ಹೊರಗೆ ಹೋಗಿ ಗೇಟಿನ ಹತ್ತಿರ ನಿಂತುಬಿಡುವರು. ಮಂಡಕ್ಕಿ ಕೊಟ್ಟರೆ ತಿನ್ನುತ್ತಿದ್ದರು. ಅದರಲ್ಲಿ ಜಗಳವೇನೂ ಇರಲಿಲ್ಲ.

ಆ ವರ್ಷ ನನಗೆ ಏನು ತಲೆಗೇರಿತ್ತೋ. ಕುಂಕುಮ ಇಡಲು ಹೋದರೆ ಜಾಲರಿ ಅಡ್ಡ. "ಮುಖಕ್ಕೆ ಜಾಲರಿ ಹಾಕಿದ ದೇವ್ರಿಗೆ ಹೆಂಗ್ರೀ ಪೂಜೆ ಮಾಡೋದು? ತೆಗೀರಿ ಅದನ್ನ" ಎಂದೆ. ಮೇಸ್ತ್ರಿ ಮೂರನೇ ಪ್ರೆಸ್ಸಿನ ಗಾರ್ಡ್ ಬಿಚ್ಚಿ ಗೋಡೆಗೆ ಒರಗಿಸಿ ಹೊರಗೆ ಹೋದರು. ಜಾಲರಿ ಇದ್ದ ಜಾಗಕ್ಕೇ, ಈ ಕಂಬದಿಂದ ಆ ಕಂಬಕ್ಕೆ, ತೋಳು ಗಾತ್ರದ ಚೆಂಡುಹೂವಿನ ಮಾಲೆ ಕಟ್ಟಿದೆ. ನಾಲ್ಕರಲ್ಲಿ ಅದೇ ದೊಡ್ಡ ಪ್ರೆಸ್ಸು, ಅದಕ್ಕೇ ದೊಡ್ಡ ಮಾಲೆ. ಮಂಗಳಾರತಿ ಆಯಿತು, ಕುಂಬಳಕಾಯಿ ಒಡೆದೆವು, ಶೆಡ್ಡಿನ ಯಜಮಾನರು ಫೋಟೋ ತೆಗೆಸಿಕೊಂಡರು.

ಹಬ್ಬ ಕಳೆದು ಕೆಲಸ ಶುರುವಾದ ದಿನ ಮೇಸ್ತ್ರಿ ಗಾರ್ಡ್ ಎತ್ತಿಕೊಂಡು ಬಂದರು. ಮಾಲೆ ಅಡ್ಡವಿತ್ತು. ಸರಿಸಲು ಕೈ ಚಾಚಿದರು.

"ಮುಟ್ಬೇಡಿ" ಎಂದೆ.

ಅವರ ಕೈ ಗಾಳಿಯಲ್ಲೇ ನಿಂತಿತು.

"ಪೂಜೆ ಮಾಲೆ ಅದು. ಬಾಡಿ ತಾನಾಗಿ ಬೀಳ್ಬೇಕು, ಕೀಳ್ಬಾರ್ದು. ಆಮೇಲೆ ಹಾಕಿ ಗಾರ್ಡು."

"ಹಂಗಾದ್ರೆ ಅಲ್ಲೀವರೆಗೂ ಮಿಷನ್ ನಿಲ್ಸಿ ಭಟ್ರೆ."

"ನಿಲ್ಸೋಕಾಗುತ್ತಾ? ಆರ್ಡರ್ ಕೂತಿದೆ. ಎರಡು ದಿನಕ್ಕೆ ಏನಾಗಲ್ಲ ಬಿಡಿ."

ಮಾಲೆಯನ್ನು ಕೀಳಬಾರದು ಎನ್ನುವುದು ನಮ್ಮ ಮನೆಯ ಪದ್ಧತಿ, ಸುಳ್ಳಲ್ಲ. ಆದರೆ ಕೈ ಚಾಚಿದವರು ನಮ್ಮ ಕೇರಿಯವರೇ ಆಗಿದ್ದರೆ "ಸ್ವಲ್ಪ ಮೇಲಕ್ಕೆ ಸರಿಸಿ ಕಟ್ಟಿ" ಎನ್ನುತ್ತಿದ್ದೆ. ನನ್ನ ಬಾಯಿಂದ "ಮುಟ್ಬೇಡಿ" ಎಂದೇ ಬಂತು. ಅದು ಎಲ್ಲಿಂದ ಬಂತು ಎನ್ನುವುದು ನನಗೂ ಗೊತ್ತಾಯಿತು, ಅವರಿಗೂ ಗೊತ್ತಾಯಿತು. ಅವರು ಗಾರ್ಡನ್ನು ಮತ್ತೆ ಗೋಡೆಗೆ ಒರಗಿಸಿ ನಾಲ್ಕನೇ ಪ್ರೆಸ್ಸಿನ ಕಡೆ ಹೋದರು.

ನಾಲ್ಕನೆಯ ದಿನ ಬೆಳಿಗ್ಗೆ, ಟೀಗೆ ಇನ್ನೂ ಹತ್ತು ನಿಮಿಷ ಇರುವಾಗ, ಮಾಲೆಯಿಂದ ಒಂದು ಬಾಡಿದ ಹೂವು ಕಳಚಿ ಅಚ್ಚಿನ ಮೇಲೆ ಬಿತ್ತು. ನಾನು ಎರಡು ಮಾರು ದೂರದಲ್ಲಿದ್ದೆ. ಅಕ್ಕ ಅದನ್ನು ನೋಡಿದಳು. ದೇವರ ಹೂವು ಕಬ್ಬಿಣದಡಿ ಸಿಕ್ಕಿ ಅರೆಯಬಾರದಲ್ಲ. ಕಣ್ಣಿಗೊತ್ತಿಕೊಳ್ಳಲೆಂದು ಬಲಗೈ ಹಾಕಿದಳು. ಕೈ ಹೂವಿನ ಕಡೆ ಹೋಯಿತು, ಕಾಲು ಮಾತ್ರ ರೂಢಿಯಂತೆ ಪೆಡಲ್ ತುಳಿಯಿತು.

ಆ ಸದ್ದು ತಗಡಿನ ಸದ್ದಾಗಿರಲಿಲ್ಲ. ಎರಡು ಸದ್ದು ಒಟ್ಟಿಗೆ ಬಂದವು, ಒಂದು ಒದ್ದೆ, ಒಂದು ಗಟ್ಟಿ. ಬಿಸಿಯಾಗಿ ಏನೋ ನನ್ನ ಕನ್ನಡಕಕ್ಕೆ ಬಂದು ಹೊಡೆಯಿತು. ಪ್ರೆಸ್ ಕೆಳಗೆ ಕಚ್ಚಿಕೊಂಡು ನಿಂತಿತ್ತು. ಅವಳ ಕೈ ಅದರೊಳಗಿತ್ತು. ಮೇಸ್ತ್ರಿ ಓಡಿಬಂದು ಮೇನ್ ಆರಿಸಿ, ಪಕ್ಕದ ದೊಡ್ಡ ಚಕ್ರಕ್ಕೆ ಸರಳು ಕೊಟ್ಟು, ಮೈಯ ಭಾರವನ್ನೆಲ್ಲ ಹಾಕಿ ಹಿಂದಕ್ಕೆ ತಿರುಗಿಸಿದರು. ಅಂಗುಲ ಅಂಗುಲವಾಗಿ ಅದು ಮೇಲೆದ್ದಿತು. ಅಷ್ಟು ಹೊತ್ತೂ ಅಕ್ಕ ಕಿರುಚಲಿಲ್ಲ. ಯಾರೋ ಕಿರುಚುತ್ತಿದ್ದರು. ಅದು ನಾನು ಎಂದು ಆಮೇಲೆ ಗೊತ್ತಾಯಿತು.

ನಡುವಿನ ಮೂರು ಬೆರಳು ಹೋಗಿದ್ದವು. ಹೆಬ್ಬೆರಳು, ಕಿರುಬೆರಳು ಎರಡೇ ಉಳಿದಿದ್ದವು. ಮೇಸ್ತ್ರಿ ಅಚ್ಚಿನ ಮೇಲಿಂದ ಆ ಮೂರನ್ನೂ ಹೆಕ್ಕಿ, ಒಗೆದ ಬಟ್ಟೆಯಲ್ಲಿ ಸುತ್ತಿ, ಗೇಟಿನ ಹೊರಗಿನ ಐಸ್‌ಕ್ಯಾಂಡಿ ಗಾಡಿಯಿಂದ ಐಸು ತುಂಬಿಸಿಕೊಂಡು ಅವಳ ಜೊತೆ ಶಿವಮೊಗ್ಗದ ಆಸ್ಪತ್ರೆಗೆ ಹೋದರು. ಜೋಡಿಸಲು ಏನೂ ಉಳಿದಿರಲಿಲ್ಲ, ಎಲ್ಲ ಜಜ್ಜಿಹೋಗಿತ್ತು. ಬೆಂಡೆಕಾಯಿಯ ಲೋಳೆ ಬಳಿಸುತ್ತಿದ್ದ ಮನುಷ್ಯ ಅವತ್ತು ಆ ಪೊಟ್ಟಣವನ್ನು ಮಡಿಲಲ್ಲಿಟ್ಟುಕೊಂಡು ಸಂಜೆಯವರೆಗೂ ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತಿದ್ದರಂತೆ.

ಇತ್ತ ಶೆಡ್ಡಿನಲ್ಲಿ ಯಜಮಾನರು ಮಾಲೆ ಕೀಳಿಸಿ ಬೆಂಕಿಗೆ ಹಾಕಿಸಿದರು. ಎರಡು ದಿನ ಕೀಳಬಾರದೆಂದಿದ್ದ ಮಾಲೆಯನ್ನು ಕಿತ್ತದ್ದು ನಾನೇ. ಗಾರ್ಡ್ ತನ್ನ ಜಾಗಕ್ಕೆ ಬಂತು. ಯಜಮಾನರು ನನ್ನೆದುರಿಗೆ ಅಪಘಾತದ ವರದಿಯ ಹಾಳೆ ಇಟ್ಟರು.

"ಪೂಜೆ, ಮಾಲೆ ಅಂತೆಲ್ಲ ಬರೆದ್ರೆ ಯಾರ್ ಒಪ್ತಾರೆ ಮಾರಾಯ್ರೆ? ಗಾರ್ಡು ಆಯಮ್ಮನೇ ತೆಗೆದ್ಲು, ಗಡಿಬಿಡೀಲಿ ಕೈ ಹಾಕಿದ್ಲು ಅಂತ ಬರೀರಿ. ನಿಮ್ ತಲೇನೂ ಉಳಿಯುತ್ತೆ."

ಹಾಗೆ ಬರೆದರೆ ಅವಳಿಗೆ ಪರಿಹಾರವೂ ಇಲ್ಲ, ಕೆಲಸವೂ ಇಲ್ಲ. ತನ್ನ ಕೈ ತಾನೇ ಕಡಿದುಕೊಂಡವಳು ಎಂಬ ಹೆಸರು ಬೇರೆ. ಅದು ಗೊತ್ತಿದ್ದೂ ಬರೆದೆ. ಅಕ್ಷರ ದುಂಡಗೇ ಬಂತು. ಕೆಳಗೆ ಸಹಿ ಹಾಕಿದೆ.

ಮರುದಿನ ಮೇಸ್ತ್ರಿ ಮೇಜಿನ ಹತ್ತಿರ ಬಂದು "ಏನಂತ ಬರೆದ್ರಿ?" ಎಂದು ಕೇಳಿದರು. ಹೇಳಿದೆ. ಅವರು ನನ್ನ ಮುಖ ನೋಡುತ್ತ ನಿಂತರು. ಆ ನೋಟ ತಡೆಯಲಾರದೆ ಎದ್ದು ಅವರ ಕಾಲರ್ ಹಿಡಿದೆ. ಅಪ್ಪನ ವಯಸ್ಸಿನವರು! "ತನಿಖೆಗೆ ಆಫೀಸರ್ ಬರ್ತಾರೆ. ಅವರ ಹತ್ರ ಏನಾದ್ರೂ ಬಾಯಿ ಬಿಟ್ರೆ ನಾಳೆಯಿಂದ ಇಲ್ಲಿ ಕೆಲ್ಸ ಇರಲ್ಲ ನಿಮಗೆ" ಎಂದು ಗೋಡೆಗೆ ಒತ್ತಿ ಹೇಳಿದೆ. ಅವರ ತಲೆ ಗೋಡೆಗೆ ತಗುಲಿದ ಸದ್ದು ಕೇಳಿತು. ಅವರು ನನ್ನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದರು.

"ನಾನು ಬಾಯಲ್ಲಿ ಹೇಳೋನಲ್ಲ ಭಟ್ರೆ" ಎಂದರು.

ಆಮೇಲಿನ ದಿನಗಳಲ್ಲಿ ಟೀ ಹೊತ್ತಿನ ಕಥೆ ನಿಂತಿತು. ಮುಂದಿನ ಹುಣ್ಣಿಮೆಯ ಸಂಜೆ ವಿಹಾರದ ಗೋಡೆಗೆ ಹೊಸ ಚಿತ್ರ ಏರಿತು. ಅಕ್ಕನ ಗಂಡ ಅವತ್ತು ಯಾರನ್ನೋ ಆಟೋದಲ್ಲಿ ಅಲ್ಲಿಗೆ ಬಿಡಲು ಹೋದವನು ಬಾಗಿಲಲ್ಲಿ ನಿಂತು ಅದನ್ನು ನೋಡಿದ. ತಪ್ಪು ಹೆಂಡತಿಯದೇ ಎಂದು ಅವನಿಗೆ ನಾವು ಹೇಳಿದ್ದೆವು. ಅಕ್ಕ ಎಷ್ಟು ಅತ್ತು ಹೇಳಿದರೂ ಅವನು ವರದಿಯನ್ನೇ ನಂಬಿದ್ದ. ಚಿತ್ರ ನೋಡಿ ನಂಬಿಕೆ ಮುರಿಯಿತು.

ಮಾರನೇ ದಿನ ಬೆಳಿಗ್ಗೆ ಅವನು ಆಟೋವನ್ನು ಶೆಡ್ಡಿನೊಳಕ್ಕೇ ನುಗ್ಗಿಸಿದ. ಕೈಯಲ್ಲಿ ಸೀಟಿನಡಿ ಇಟ್ಟುಕೊಳ್ಳುವ ಜಾಕಿ ರಾಡು. "ಮಾಲೆ ಕಟ್ದೋನು ಯಾವನ್ಲಾ? ಗಾರ್ಡ್ ತೆಗ್ಸ್ದೋನು ಯಾವನು? ಬಾರೋ ಇಲ್ಲಿ!" ಎಂದು ಕೂಗುತ್ತ ಮೊದಲ ಏಟಿಗೆ ನನ್ನ ಮೇಜಿನ ಗಾಜು ಪುಡಿ ಮಾಡಿದ. ಎರಡನೆಯದು ನನ್ನ ಹೆಗಲಿಗೆ ಬಿತ್ತು. ಕೆಳಗೆ ಬಿದ್ದೆ. ಗಾಜಿನ ಮೇಲೆ ಅಂಗೈ ಊರಿ ಹಿಂದಕ್ಕೆ ತೆವಳಿದೆ. ಅವನ ಕಣ್ಣಲ್ಲಿ ನೀರು, ಬಾಯಲ್ಲಿ ನೊರೆ. ಶೆಡ್ಡಿನಲ್ಲಿ ಹದಿನೈದು ಜನ ಇದ್ದರು, ಒಬ್ಬರೂ ಹತ್ತಿರ ಬರಲಿಲ್ಲ. ಸರಿಯಾಗಿಯೇ ಇತ್ತು. ನನ್ನನ್ನು ಬಿಡಿಸಬೇಕು ಎಂದು ಅವರಿಗೆ ಯಾಕೆ ಅನ್ನಿಸಬೇಕು?

ಮೂರನೆಯ ಏಟಿಗೆ ಅವನು ರಾಡನ್ನು ಎರಡೂ ಕೈಯಲ್ಲಿ ತಲೆಯ ಮೇಲಕ್ಕೆ ಎತ್ತಿದ. ಆಗ ಮೇಸ್ತ್ರಿ ನಡೆದು ಬಂದು ನಮ್ಮಿಬ್ಬರ ನಡುವೆ ನಿಂತರು. ಓಡಿ ಬರಲಿಲ್ಲ, ನಡೆದು ಬಂದರು. ಬಲಗೈ ಮೇಲೆತ್ತಿ, ಅಂಗೈ ಅವನ ಕಡೆ ತೋರಿಸಿ, "ಸಾಕು, ನಿಲ್ಲಪ್ಪ" ಎಂದರು. ರಾಡು ಇಳಿಯತೊಡಗಿತ್ತು. ಅವನಿಗೂ ಅದನ್ನು ತಡೆಯಲಾಗಲಿಲ್ಲ. ಹಸಿ ಕಟ್ಟಿಗೆ ಮುರಿದಂತೆ ಸದ್ದಾಯಿತು. ಮೇಸ್ತ್ರಿಯ ಕೈ ಮಣಿಕಟ್ಟಿನಿಂದ ಕೆಳಗೆ ಜೋತುಬಿತ್ತು, ಚರ್ಮ ಹರಿದು ಬಿಳಿ ಮೂಳೆ ಹೊರಗೆ ಬಂತು. ಆದರೂ ಮನುಷ್ಯ ಜಾಗ ಬಿಡಲಿಲ್ಲ. ಎಡಗೈ ಎತ್ತಿದರು.

ರಾಡು ನೆಲಕ್ಕೆ ಬಿತ್ತು. ಅಕ್ಕನ ಗಂಡ ಅವರ ಕಾಲ ಬುಡದಲ್ಲಿ ಕುಸಿದು "ಅಯ್ಯೋ ಅಣ್ಣಾ, ನಿಮಗಲ್ಲಣ್ಣಾ" ಎಂದು ತಲೆ ಚಚ್ಚಿಕೊಂಡ. ಆ ರಕ್ತದಲ್ಲೇ ಅವರನ್ನು ಎತ್ತಿ ತನ್ನ ಆಟೋದಲ್ಲಿ ಕೂರಿಸಿಕೊಂಡು ಆಸ್ಪತ್ರೆಗೆ ಓಡಿಸಿದವನೂ ಅವನೇ.

ಯಜಮಾನರು ಪೊಲೀಸ್ ದೂರು ಬರೆಸಿಕೊಂಡು ಸಹಿಗೆ ವಾರ್ಡಿಗೆ ಬಂದರು. ಮೇಸ್ತ್ರಿ ಒಪ್ಪಲಿಲ್ಲ. "ಹೊಡೆದಿದ್ದು ನಿಜ. ಅವನ ಕೈಗೆ ರಾಡು ಯಾರ್ ಕೊಟ್ರು ಅಂತಾನೂ ಬರೆಸ್ತೀರಾ? ಬರೆಸೋದಾದ್ರೆ ಸಹಿ ಹಾಕ್ತೀನಿ" ಎಂದರು. ಯಜಮಾನರು ಹಾಳೆ ಮಡಚಿಕೊಂಡು ಹೋದರು. ಮಂಚದ ಹತ್ತಿರ ನಾನೊಬ್ಬನೇ ಉಳಿದೆ. ಏನು ಕೇಳಬೇಕೋ ತಿಳಿಯದೆ ಮೂರ್ಖನ ಹಾಗೆ ಕಥೆಯ ಮಾತೆತ್ತಿದೆ.

"ಕಥೇಲಿ ಕಲ್ಲು ಬೀಳುವಾಗ ಬುದ್ಧ ಅಡ್ಡ ಹೋಗ್ಲಿಲ್ಲ ಅಂದಿದ್ರಿ. ನೀವ್ಯಾಕೆ ಬಂದ್ರಿ ಮೇಸ್ತ್ರಿ?"

"ನಾನೇನು ಬುದ್ಧನಾ ಭಟ್ರೆ? ಫಿಟ್ಟರು. ಗಾರ್ಡ್ ಹಾಕೋದು ನನ್ ಕೆಲ್ಸ." ಪಟ್ಟಿ ಕಟ್ಟಿದ ಕೈಯನ್ನು ನೋಡಿಕೊಂಡು ಹೇಳಿದರು: "ಅವತ್ತು ಹಾಕ್ಲಿಲ್ಲ. ನೀವು ಮುಟ್ಬೇಡ ಅಂದ್ರಿ, ನಾನು ನಿಂತ್ಬಿಟ್ಟೆ. ಕಿತ್ತು ಬಿಸಾಕಿ ಹಾಕ್ಬೇಕಿತ್ತು. ಅವಮಾನ ಆಯ್ತು ಅಂತ ಸಿಟ್ ಮಾಡ್ಕೊಂಡು ಆ ಕಡೆ ಹೋದೆ. ಆ ಮೂರು ಬೆರಳಲ್ಲಿ ನನ್ ಪಾಲೂ ಇದೆ."

ನಾನು ಅತ್ತೆ. ಅವರು ಸಮಾಧಾನ ಮಾಡಲಿಲ್ಲ. "ವಿಹಾರಕ್ಕೆ ಹೋಗಿ ಚಿತ್ರ ನೋಡ್ಕೊಂಡ್ ಬನ್ನಿ" ಎಂದಷ್ಟೇ ಹೇಳಿ ಗೋಡೆಯ ಕಡೆ ಹೊರಳಿದರು.

ಅವತ್ತೇ ಮಧ್ಯಾಹ್ನ ಭದ್ರಾವತಿಗೆ ಹೋದೆ. ಒಂದು ಆಳು ಎತ್ತರದ ಕಾಗದ. ತುಂಬ ಮೂರನೇ ಪ್ರೆಸ್ಸು, ಬಾಯಿ ತೆರೆದುಕೊಂಡು ನಿಂತಿದೆ. ಅದರ ಕೊರಳಿಗೆ ನಾನು ಕಟ್ಟಿದ ಮಾಲೆ. ಎಡಗಡೆಯಿಂದ ಚೆಂಡುಹೂವಾಗಿ ಶುರುವಾದದ್ದು ಬಲಗಡೆಗೆ ಹೋಗುವಷ್ಟರಲ್ಲಿ ಒಂದೊಂದೇ ಬೆರಳಾಗಿದೆ, ಉಗುರು ಸಮೇತ. ಗೋಡೆಗೆ ಒರಗಿಸಿದ ಜಾಲರಿ, ಅದರ ಪಕ್ಕ ಬೆನ್ನು ತಿರುಗಿಸಿ ಹೊರಟ ಒಬ್ಬ ಮುದುಕ. ಆರತಿ ಹಿಡಿದ ಒಬ್ಬ. ಮುಖವಿಲ್ಲ, ಕನ್ನಡಕ ಮಾತ್ರ ಇದೆ. ಪ್ರೆಸ್ಸಿನ ಎದುರಿಗೆ ಬುದ್ಧ ನಿಂತಿದ್ದಾನೆ. ಮೈಮೇಲೆ ನಮ್ಮ ಶೆಡ್ಡಿನ ನೀಲಿ ಕೋಟು, ಇದ್ದಿಲಿನಲ್ಲಿ ಕಪ್ಪಾಗಿದೆ. ಅಭಯ ತೋರಿಸಲು ಬಲಗೈ ಎತ್ತಿದ್ದಾನೆ. ಆ ಅಂಗೈಯಲ್ಲಿ ಹೆಬ್ಬೆರಳು, ಕಿರುಬೆರಳು ಎರಡೇ ಇವೆ.

ಅಕ್ಕ ಅಲ್ಲೇ ಚಾಪೆಯ ಮೇಲೆ, ಕೈಗೆ ಬ್ಯಾಂಡೇಜು ಸುತ್ತಿಕೊಂಡು ಕೂತಿದ್ದಳು. ನನ್ನನ್ನು ನೋಡಿ ಏಳಲಿಲ್ಲ, ಬೈಯಲಿಲ್ಲ. "ನೋಡಿ ಸಾರ್, ನನ್ ಕೈನ ದೇವ್ರಿಗೆ ಹಾಕಿದಾರೆ ನಮ್ಮಣ್ಣ. ಇನ್ಮೇಲೆ ಇದನ್ನ ಸೆರಗಲ್ಲಿ ಮುಚ್ಕೊಳಲ್ಲ ನಾನು" ಎಂದಳು. ನಾನು ಯಾಕೋ ಚಿತ್ರದ ಕಡೆ ಕೈ ಚಾಚಿದೆ. "ಮುಟ್ಬೇಡಿ ಸಾರ್" ಎಂದಳು. "ಹಾಲ್ ಹೊಡೆದಿಲ್ಲ ಅದಕ್ಕೆ. ಕೈಗೆ ಹತ್ತುತ್ತೆ."

ಮರುದಿನ ತನಿಖೆಯ ಅಧಿಕಾರಿಯ ಕಚೇರಿಗೆ ಹೋಗಿ, ಗಾರ್ಡ್ ತೆಗೆಸಿದವನೂ ನಾನು, ಹಾಕಲು ಬಿಡದವನೂ ನಾನು, ಸುಳ್ಳು ಬರೆದವನೂ ನಾನು ಎಂದು ಬರೆದುಕೊಟ್ಟೆ. ಅಕ್ಷರ ಈ ಸಲ ದುಂಡಗೆ ಬರಲಿಲ್ಲ. ಅಕ್ಕನಿಗೆ ಸಿಗಬೇಕಾದದ್ದು ತಡವಾಗಿಯಾದರೂ ಸಿಕ್ಕಿತು. ನನ್ನ ಕೆಲಸ ಹೋಯಿತು, ನ್ಯಾಯವಾಗಿಯೇ ಹೋಯಿತು. ನಮ್ಮ ಮನೆಯಲ್ಲಿ ಅಪ್ಪ ಹಲವು ದಿನ ನನ್ನೊಡನೆ ಮಾತಾಡಲಿಲ್ಲ. ಆಮೇಲೊಂದು ಬೆಳಿಗ್ಗೆ, ಪೂಜೆ ಮುಗಿಸಿ, ಹಿಂದಿನ ದಿನದ ಮಾಲೆಯನ್ನು ತಾವೇ ಕಿತ್ತು ಬುಟ್ಟಿಗೆ ಹಾಕಿ, "ಬಾಡೋವರೆಗೂ ಕಾಯ್ಬೇಕು ಅಂತ ಯಾವ ಶಾಸ್ತ್ರದಲ್ಲೂ ಇಲ್ವೋ" ಎಂದರು.

ಮೇಸ್ತ್ರಿಯ ಕೈ ಕೂಡಿಕೊಂಡಿತು, ಸೊಟ್ಟಗೆ. ಮೂಳೆಯೊಂದು ತನ್ನ ಜಾಗಕ್ಕೆ ಹೋಗಲೇ ಇಲ್ಲ. ಪಟ್ಟಿ ಬದಲಾಯಿಸಲು ಅವರನ್ನು ಶಿವಮೊಗ್ಗಕ್ಕೆ ಕರೆದುಕೊಂಡು ಬರುತ್ತಿದ್ದದ್ದು ಅಕ್ಕನ ಗಂಡನ ಆಟೋ. ಬಲಗೈಯಲ್ಲಿ ಸ್ಪ್ಯಾನರೂ ನಿಲ್ಲಲಿಲ್ಲ, ಇದ್ದಿಲೂ ನಿಲ್ಲಲಿಲ್ಲ. ಎಡಗೈಯಲ್ಲಿ ಬರೆಯಲು ಕಲಿತರು. ಗೆರೆ ನಡುಗುತ್ತಿತ್ತು. "ಬುದ್ಧಂಗೆ ಈಗ ಚಳಿಜ್ವರ" ಎಂದು ತಮ್ಮ ಚಿತ್ರವನ್ನು ತಾವೇ ಗೇಲಿ ಮಾಡಿಕೊಳ್ಳುತ್ತಿದ್ದರು. ತಿಂಗಳಿಗೊಮ್ಮೆ ಹೋಗುತ್ತಿದ್ದೆ. ಹುಣಸೆ ಕಡ್ಡಿ ಹೆರೆದುಕೊಡುವ ಕೆಲಸ ನನ್ನದಾಯಿತು. ಒಂದು ಸಲ ಧೈರ್ಯ ಮಾಡಿ, ನನ್ನನ್ನು ಕ್ಷಮಿಸಿದಿರಾ ಎಂದು ಕೇಳಿದೆ. ಅವರು ಒಲೆಯೊಳಗಿನ ಡಬ್ಬಿಯನ್ನೇ ನೋಡುತ್ತ, "ಹೊಗೆ ಇನ್ನೂ ಬರ್ತಿದೆ ಭಟ್ರೆ" ಎಂದರು. ನಾನು ಮತ್ತೆ ಕೇಳಲಿಲ್ಲ.

ಕಳೆದ ವರ್ಷ ನಿದ್ದೆಯಲ್ಲೇ ಹೋದರು. ಅಕ್ಕ ಎಲ್ಲರೆದುರು ಆ ಎರಡು ಬೆರಳಿನ ಕೈಯಲ್ಲೇ ಅವರಿಗೆ ಹೂವು ಹಾಕಿದಳು. ಹದಿನೈದು ದಿನದ ಮೇಲೆ ಅವರ ಹೆಂಡತಿ ನನ್ನನ್ನು ಕರೆಸಿ, ಮಂಚದಡಿಯಿಂದ ಒಂದು ಸುರುಳಿ ತೆಗೆದು ಬಿಚ್ಚಿದರು. ವಿಹಾರದ ಗೋಡೆಯಿಂದ ಇಳಿಸಿ ತಂದಿದ್ದ ಅದೇ ಚಿತ್ರ. ಸುರುಳಿಯ ನಡುವೆ ತೆಳು ಕಾಗದ ಇಟ್ಟು ಜೋಪಾನ ಮಾಡಿದ್ದರು. ನಾನು ಕೈ ಕಟ್ಟಿಕೊಂಡು ದೂರ ನಿಂತೆ.

"ಮುಟ್ಟಿ ಭಟ್ರೆ" ಎಂದರು ಆಕೆ.

"ಇದಕ್ಕೆ ಹಾಲು ಹೊಡೆದಿಲ್ವಲ್ಲಮ್ಮ. ಅಳಿಸಿಹೋಗುತ್ತೆ."

"ಅದಕ್ಕೇ ಕೊನೇವರೆಗೂ ಹೊಡೀಲಿಲ್ಲ ಅವರು. ಭಟ್ರಿಗೆ ಕೊಡು, ಮುಟ್ಟು ಅಂತ ನೀನೇ ಬಾಯ್ಬಿಟ್ ಹೇಳು ಅಂದಿದ್ರು. ಮುಟ್ಟಿ."

ಈಗಲೂ ಪ್ರತಿ ಹೊಸ ತಂಡ ಬಂದ ದಿನ ನಾನು ಶಿವಮೊಗ್ಗದ ಮಾರ್ಕೆಟ್ಟಿನಿಂದ ಐದು ಬೆಂಡೆಕಾಯಿ ತರುತ್ತೇನೆ, ನಾಲ್ಕು ಉದ್ದ, ಒಂದು ಗಿಡ್ಡ. ತರಗತಿಯ ಗೋಡೆಯ ಮೇಲೆ ಆ ಚಿತ್ರವಿದೆ, ಗಾಜು ಹಾಕಿಸಿಲ್ಲ. ಬುದ್ಧನ ಎರಡು ಬೆರಳಿನ ಅಂಗೈ ಮೇಲೆ ಅವತ್ತು ಒತ್ತಿದ ನನ್ನ ಐದೂ ಬೆರಳಿನ ಗುರುತು ಹಾಗೆಯೇ ಉಳಿದಿದೆ.